ಒಂದು ದೇಶ ಅಡ್ಡ ನಿಂತರೆ ಅಂತರರಾಷ್ಟ್ರೀಯ ಸಂಸ್ಥೆ ಏನು ಮಾಡುತ್ತದೆ?

ಪ್ರಶ್ನೆ: ವಿದ್ಯಾರ್ಥಿನಿ, ಧಾರವಾಡ

ಸಪ್ತಾಪುರದಲ್ಲಿ ಕೋಣೆ ಹಿಡಿದು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ದೇಶಗಳ ವ್ಯಾಪಾರ ವ್ಯಾಜ್ಯಗಳ ಮೇಲ್ಮನವಿ ಆಲಿಸುವ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2019ರಿಂದ ಸ್ಥಗಿತಗೊಂಡಿದೆ ಎಂದು ನನ್ನ ಟಿಪ್ಪಣಿಯಲ್ಲಿ ಒಂದೇ ಸಾಲಿದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೊ (ಕಾಯಂ ಸದಸ್ಯ ದೇಶವೊಂದರ ತಡೆ ಮತ) ಬಿದ್ದರೆ ವಿಷಯ ಅಲ್ಲಿಗೇ ಮುಗಿಯಿತು ಎಂಬಂತೆ ಇನ್ನೊಂದು ಸಾಲಿದೆ. ಇಷ್ಟೊಂದು ದೇಶಗಳು ಕಟ್ಟಿದ ಸಂಸ್ಥೆ ನಿಜವಾಗಿಯೂ ಕೈಕಟ್ಟಿ ಕುಳಿತುಬಿಡುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಉಪನ್ಯಾಸಕ, ಗದಗ

ತಂಗಿ, ಕೈಕಟ್ಟಿ ಕೂರುವುದಿಲ್ಲ. ತನ್ನ ನಿಯಮಾವಳಿಯಲ್ಲೇ ಹೆಚ್ಚಾಗಿ ಬಳಕೆಯಾಗದೆ ಉಳಿದ ವಿಧಿಯೊಂದನ್ನು ಹುಡುಕಿ, ಅದರ ಮೂಲಕ ಕೆಲಸ ಸಾಗಿಸಲು ನೋಡುತ್ತದೆ. ಮೇಲ್ಮನವಿ ಮಂಡಳಿಯಲ್ಲಿ 7 ಸ್ಥಾನಗಳಿವೆ, ಒಂದು ಪ್ರಕರಣವನ್ನು ಆಲಿಸಲು ಮೂವರು ಬೇಕು, ನೇಮಕಕ್ಕೆ ಎಲ್ಲ ಸದಸ್ಯ ದೇಶಗಳ ಸಹಮತ ಬೇಕು. ಮಂಡಳಿ ತನ್ನ ಅಧಿಕಾರದ ಎಲ್ಲೆ ಮೀರುತ್ತಿದೆ, ತೀರ್ಪು ನೀಡಲು ಇರುವ 90 ದಿನಗಳ ಗಡುವನ್ನು ಪಾಲಿಸುತ್ತಿಲ್ಲ ಎಂದು ಆಕ್ಷೇಪಿಸಿ ಅಮೆರಿಕ ಒಂದೊಂದೇ ನೇಮಕವನ್ನು ತಡೆಯಿತು. (ಇದನ್ನು ಟ್ರಂಪ್ ಒಬ್ಬರ ಹಟವೆಂದು ಬರೆಯಬೇಡ, 2016ರಲ್ಲಿ, ಒಬಾಮಾ ಅವರ ಕಾಲದಲ್ಲೇ, ಸದಸ್ಯರೊಬ್ಬರ ಮರುನೇಮಕಕ್ಕೆ ತಡೆ ಬಿದ್ದಿತ್ತು.) 2019ರ ಡಿಸೆಂಬರ್ 10ರಂದು ಭಾರತದ ಉಜಲ್ ಸಿಂಗ್ ಭಾಟಿಯಾ ಸೇರಿದಂತೆ ಇಬ್ಬರ ಅವಧಿ ಮುಗಿದು, ಒಬ್ಬರೇ ಉಳಿದರು. ಮುಂದಿನ ವರ್ಷ ಐರೋಪ್ಯ ಒಕ್ಕೂಟ, ಚೀನಾ, ಬ್ರೆಜಿಲ್, ಕೆನಡಾ ಮುಂತಾದ ಸದಸ್ಯರು ಸಂಸ್ಥೆಯ ವ್ಯಾಜ್ಯ ಪರಿಹಾರ ನಿಯಮಗಳ 25ನೇ ವಿಧಿಯಲ್ಲಿರುವ ಮಧ್ಯಸ್ಥಿಕೆಯನ್ನೇ ಮೇಲ್ಮನವಿಯಂತೆ ಬಳಸುವ ತಾತ್ಕಾಲಿಕ ಏರ್ಪಾಡು ಮಾಡಿಕೊಂಡವು. ಸೇರಿದವರಿಗಷ್ಟೇ ಅದು ಅನ್ವಯಿಸುತ್ತದೆ. ಅಮೆರಿಕ ಸೇರಿಲ್ಲ, ಭಾರತವೂ ಸೇರಿಲ್ಲ.

ವೀಟೊ ವಿಷಯದಲ್ಲೂ ಹೀಗೆಯೇ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಕುರಿತ ನಿರ್ಣಯಕ್ಕೆ ರಷ್ಯಾ ವೀಟೊ ಹಾಕಿದಾಗ, ವೀಟೊ ನಡೆಯದ ಕಾರ್ಯವಿಧಾನದ ಮತದಾನದಿಂದ ವಿಷಯವನ್ನು ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಒಯ್ದರು. ಈ ದಾರಿ 1950ರಷ್ಟು ಹಳೆಯದು. ಮಾರ್ಚ್ 2ರಂದು 141 ದೇಶಗಳು ನಿರ್ಣಯದ ಪರವಾಗಿ, 5 ವಿರುದ್ಧವಾಗಿ ಮತ ಹಾಕಿದವು. ಭಾರತ ಸೇರಿದಂತೆ 35 ದೇಶಗಳು ಮತದಾನದಿಂದ ದೂರ ಉಳಿದವು. ಆದರೆ ಸಾಮಾನ್ಯ ಸಭೆಯ ಇಂಥ ನಿರ್ಣಯಕ್ಕೆ ಯಾರನ್ನೂ ಕಟ್ಟಿಹಾಕುವ ಶಕ್ತಿಯಿಲ್ಲ.

ಉತ್ತರ: ಕಬ್ಬು ಬೆಳೆಗಾರ, ಹಾವೇರಿ

ಸರ್ ಅವರ ಮಾತಿಗೆ ನಮ್ಮ ಹೊಲದ ವಿಷಯವೊಂದನ್ನು ಸೇರಿಸುತ್ತೇನೆ. ಕಬ್ಬಿಗೆ ಭಾರತ ನೀಡುವ ಬೆಂಬಲ, ಉತ್ಪಾದನೆಯ ಮೌಲ್ಯದ ಶೇ 10ರ ಮಿತಿಯನ್ನು ಮೀರಿದೆ ಎಂದು ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೂರಿದ್ದವು. ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಕನಿಷ್ಠ ಬೆಲೆ) ದರವನ್ನು ರೈತರಿಗೆ ಕೊಡುವುದು ಕಾರ್ಖಾನೆಗಳೇ ಹೊರತು ಸರ್ಕಾರವಲ್ಲ ಎಂಬ ನಮ್ಮ ವಾದವನ್ನು ಒಪ್ಪದೆ, 2021ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೊದಲ ಹಂತದ ವಿಚಾರಣಾ ಸಮಿತಿ ಭಾರತದ ವಿರುದ್ಧ ವರದಿ ನೀಡಿತು. ಅದರ ವಿರುದ್ಧ ಭಾರತ ಮೇಲ್ಮನವಿ ಸಲ್ಲಿಸಿತು. ಕೇಳಲು ಮಂಡಳಿಯೇ ಇಲ್ಲದ್ದರಿಂದ ವರದಿ ಅಂಗೀಕಾರವಾಗದೆ ನಿಂತಿತು, ನಮ್ಮ ದರ ಉಳಿಯಿತು.

ಇದರಿಂದ ನನಗೆ ಲಾಭವಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ನೆಮ್ಮದಿಯಿಲ್ಲ. ನಾಳೆ ಯಾವುದೋ ದೇಶ ಏನೋ ನೆಪ ಹೇಳಿ ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಬಂದರಿನಲ್ಲಿ ತಡೆದು, ವ್ಯಾಜ್ಯದಲ್ಲಿ ಭಾರತ ಗೆದ್ದಿತೆಂದುಕೊಳ್ಳಿ. ಆ ದೇಶವೂ ಇದೇ ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿ ಸುಮ್ಮನಿರಬಹುದಲ್ಲವೇ? ಮಂಡಳಿಯನ್ನು ಪುನಃ ಸ್ಥಾಪಿಸಬೇಕೆಂದು ಭಾರತ ಒತ್ತಾಯಿಸುತ್ತಿರುವುದು ಸರಿಯಾದ ನಿಲುವೆಂದೇ ನಾನು ನಂಬಿದ್ದೇನೆ.

ಮರುಪ್ರಶ್ನೆ: ವಿದ್ಯಾರ್ಥಿನಿ, ಧಾರವಾಡ

ಇಬ್ಬರಿಗೂ ವಂದನೆಗಳು. ಸರ್, ಹಾಗಾದರೆ ಗೆದ್ದ ದೇಶಕ್ಕೆ ಬೇರೆ ಯಾವ ದಾರಿಯೂ ಇಲ್ಲವೇ?

ಉತ್ತರ: ನಿವೃತ್ತ ಉಪನ್ಯಾಸಕ, ಗದಗ

ವರದಿ ಅಂಗೀಕಾರವಾಗದೆ ಪ್ರತೀಕಾರದ ಸುಂಕಕ್ಕೆ ಸಂಸ್ಥೆಯ ಅನುಮತಿ ಸಿಗುವುದಿಲ್ಲ. ಐರೋಪ್ಯ ಒಕ್ಕೂಟ ಮಾತ್ರ 2021ರಲ್ಲಿ ತನ್ನ ಕಾನೂನನ್ನು ತಿದ್ದಿಕೊಂಡಿತು: ಎದುರಾಳಿ ಖಾಲಿ ಪೀಠಕ್ಕೆ ಮೇಲ್ಮನವಿ ಹಾಕಿ, ಮಧ್ಯಸ್ಥಿಕೆಗೂ ಒಪ್ಪದಿದ್ದರೆ, ಒಕ್ಕೂಟ ಆ ಅನುಮತಿಗೆ ಕಾಯದೆ ಪ್ರತಿಕ್ರಮ ಕೈಗೊಳ್ಳಬಹುದು. ಮೊಬೈಲ್ ಫೋನ್ ಮೊದಲಾದವುಗಳ ಆಮದು ಸುಂಕದ ವ್ಯಾಜ್ಯದಲ್ಲಿ ಆ ಒಕ್ಕೂಟದ ಎದುರು ಸೋತ ಭಾರತ, 2023ರಲ್ಲಿ ಅದೇ ಪೀಠಕ್ಕೆ ಮೇಲ್ಮನವಿ ಹಾಕಿದೆ. ಆದ್ದರಿಂದ ಈ ಕಾನೂನಿನ ಬಿಸಿ ನಮಗೂ ತಟ್ಟಬಹುದು.