ಪದ ಬೇಕಿದೆ: ಹಳೇ ಸೀರೆ, ಕಾಗದ ಸೇರಿಸಿ ಹೊಲಿದ ಚಿತ್ರಕ್ಕೆ ಏನನ್ನೋಣ?

ಶಿವಮೊಗ್ಗದಲ್ಲಿ ಒಂದು ಚಿಕ್ಕ ಪ್ರದರ್ಶನ ಇದೆ. ಬೋರ್ಡು ಬರೆಯುವವರು ಸಂಜೆಗೆ ಬರುತ್ತಾರೆ, ಅಷ್ಟರೊಳಗೆ ಪದ ಬೇಕು. ಕಲಾವಿದೆ ಕೊಟ್ಟಿರೋದು 'ಮಿಕ್ಸೆಡ್ ಮೀಡಿಯಾ ಟೆಕ್ಸ್‌ಟೈಲ್ ಆರ್ಟ್' ಅಂತ. ಅಜ್ಜಿ ಕಾಲದ ಸೀರೆಯ ತುಂಡು, ಜರಿ ಅಂಚು, ಹಳೇ ಇನ್‌ಲ್ಯಾಂಡ್ ಪತ್ರ, ರವಿಕೆ ಗುಂಡಿ, ಅಡಿಕೆ ಹಾಳೆಯ ಚೂರು, ಎಲ್ಲ ಒಂದೇ ಬಟ್ಟೆಯ ಮೇಲೆ ಕೈಯಲ್ಲಿ ಹೊಲಿದದ್ದು. ಕಾಗದ ಹರಿಯಬಾರದು ಅಂತ ಅದರ ಹಿಂದೆ ತೆಳು ಬಟ್ಟೆ ಕೊಟ್ಟು, ಹೊಲಿಗೆ ಉದ್ದುದ್ದ ಹಾಕಿದ್ದಾರೆ. ಗಂಟು, ದಾರದ ತುದಿ ಬೇಕಂತಲೇ ಮುಂದೆ ಬಿಟ್ಟಿದ್ದಾರೆ. 'ಮಿಶ್ರಮಾಧ್ಯಮ ಜವಳಿ ಕಲೆ' ಅಂತ ಬರೆಸಬಹುದು, ಆದರೆ ಗಾಂಧಿ ಬಜಾರಿನ ಹತ್ತಿರ ಆ ಬೋರ್ಡು ಕಂಡರೆ ಜನ ಒಳಗೆ ಬಂದು ಸೀರೆ ರೇಟು ಕೇಳುತ್ತಾರೆ. 'ವಿಂಟೇಜ್'ಗೂ ಏನಾದರೂ ಹೇಳಿ.

ಸಾಗರದಿಂದ:
ಕೌದಿ. ಮುಗೀತು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೇ ಬಟ್ಟೆಯನ್ನು ಅಂಚಿನಿಂದ ಹೊಲಿಯುತ್ತಾ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಬಟ್ಟೆಯದೇ ಹೂವು ಇಡುತ್ತಾರೆ. ಆ ಕೌದಿಗಳು ಈಗ ಗ್ಯಾಲರಿ ಗೋಡೆಯ ಮೇಲೂ ಇವೆ. ಇರುವ ಪದ ಬಿಟ್ಟು ಹೊಸದು ಯಾಕೆ?

ತೀರ್ಥಹಳ್ಳಿಯಿಂದ:
ಕೌದಿ ಹೊದೆಯಲಿಕ್ಕೆ, ಹಾಸಲಿಕ್ಕೆ. ಅಡಿಕೆ ಹಾಳೆ ಹೊದ್ದು ಯಾರು ಮಲಗುತ್ತಾರೆ ಸ್ವಾಮಿ? ಇನ್ನು ಯಾರಾದರೂ ಕಸೂತಿ ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಯಬೇಕು. ಗವಂತಿ ಹೊಲಿಗೆಯಂತೂ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಂಡರೆ ಅವಮಾನ. ಇಲ್ಲಿ ಗಂಟೇ ಮುಂದೆ ಇದೆ.

ಬೆಂಗಳೂರಿನಿಂದ:
ಸುಮ್ನೆ 'ಕೊಲಾಜ್' ಅನ್ನಿ. ಎಲ್ಲರಿಗೂ ಗೊತ್ತು.

ತೀರ್ಥಹಳ್ಳಿಯಿಂದ:
ಫ್ರೆಂಚಿನಲ್ಲಿ ಆ ಪದ ಹುಟ್ಟಿದ್ದೇ ಅಂಟಿನಿಂದ. ಇಲ್ಲಿ ಅಂಟು ಎಲ್ಲಿದೆ?

ಸೊರಬದಿಂದ:
ಮಿಶ್ರ, ಮಾಧ್ಯಮ, ಕಲೆ, ಒಂದೂ ಕನ್ನಡವಲ್ಲ. ಅಚ್ಚಕನ್ನಡದಲ್ಲಿ 'ಬೊಂತೆ' ಇದೆ, ಯಾರಿಗೂ ನೆನಪಾಗಲಿಲ್ಲ. ಚಿಂದಿ ಸೇರಿಸಿ ಹೊಲಿದದ್ದು ಬೊಂತೆ. ಅದನ್ನು ಹೊದ್ದವಳು ಅಂತಲೇ ವಚನಕಾರ್ತಿ ಬೊಂತಾದೇವಿಗೆ ಆ ಹೆಸರು. 'ಕಂತೆಗೆ ತಕ್ಕ ಬೊಂತೆ' ಅಂತ ದಿನಾ ಅನ್ನುತ್ತೀರಿ. ಅದರಲ್ಲಿ ಕಂತೆ ಸಂಸ್ಕೃತದ ಕಂಥಾ, ಬಂಗಾಳದವರ ಕಾಂಥಾ ಕೂಡ ಅದೇ. ಬೊಂತೆ ಮಾತ್ರ ನಮ್ಮದು. ಜವಳಿಯ ಬಗ್ಗೆಯೂ ಹೇಳುವುದಿದೆ. ಅವಳಿ ಜವಳಿಯ ಜವಳಿಯೇ ಇದು. ಪಂಚೆ ಜೋಡಿಯಾಗಿ ಬರುತ್ತಿತ್ತು, ಅದಕ್ಕೇ...

ಸಾಗರದಿಂದ:
ಜೋಡಿ ಪಂಚೆ ಆಮೇಲೆ ಉಡೋಣ, ಬೋರ್ಡು ಬರೆಯುವವರು ಬರುತ್ತಾರಂತೆ. ತೆಲುಗಿನವರೂ 'ಬೊಂತ' ಅನ್ನುತ್ತಾರೆ, ನಿಮ್ಮೊಬ್ಬರದೇ ಅಲ್ಲ. ಮೇಲಾಗಿ ಭಿಕ್ಷೆಯವರ ಹೊದಿಕೆಯ ಹೆಸರನ್ನು ಕಲಾವಿದೆ ಒಪ್ಪುತ್ತಾರಾ, ಅವರನ್ನು ಕೇಳಿದ್ದೀರಾ?

ಕೊಪ್ಪದಿಂದ:
'ಹೊಲಿದ ಚಿತ್ತಾರ' ಹೇಗೆ?

ಸೊರಬದಿಂದ:
ಬೇಡ. ಚಿತ್ತಾರ ನಮ್ಮ ಕಡೆ ದೀವರ ಹೆಂಗಸರು ಗೋಡೆಗೆ ಬರೆಯುವುದು. ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಕುಂಚ ಪುಂಡಿ ನಾರಿನದು. ಕಂಡಕಂಡದ್ದಕ್ಕೆಲ್ಲ ಚಿತ್ತಾರ ಅಂದರೆ ಆ ಕೆಲಸಕ್ಕೆ ಹೆಸರೇ ಇಲ್ಲದ ಹಾಗಾಗುತ್ತದೆ.

(ಇದೊಂದನ್ನು ನಾನೂ ಒಪ್ಪುತ್ತೇನೆ. — ಶಿವಮೊಗ್ಗ)

ಬೆಂಗಳೂರಿನಿಂದ:
ಅಚ್ಚಕನ್ನಡದವರಿಗೆ ಒಂದು ಪ್ರಶ್ನೆ. ಸೂಜಿ ಬಂದದ್ದು ಸೂಚಿಯಿಂದ, ಕತ್ತರಿ ಕರ್ತರಿಯಿಂದ, ಜರಿ ಪಾರ್ಸಿಯಿಂದ. ನೂಲು ಮಾತ್ರ ನಮ್ಮದು. ಬರೀ ನೂಲು ಹಿಡಿದು ಹೊಲಿದು ತೋರಿಸಿ ನೋಡೋಣ.

ಸೊರಬದಿಂದ:
ಸೂಜಿ ಸಾವಿರ ವರ್ಷ ನಮ್ಮ ಬಾಯಲ್ಲಿ ತೇದು ಸೂಜಿ ಆಯಿತು. ನಿಮ್ಮ 'ಮಿಶ್ರಮಾಧ್ಯಮ' ಯಾರ ಬಾಯಲ್ಲೂ ತೇಯಲಿಲ್ಲ, ಅನುವಾದದ ಮೇಜಿನಿಂದ ನೇರ ಬೋರ್ಡಿಗೆ ಹತ್ತಿತು. ಎರಡೂ ಒಂದೇ ಅನ್ನುವವರ ಜೊತೆ ಮಾತಿಲ್ಲ.

ಕೊಪ್ಪದಿಂದ:
ವಿಂಟೇಜ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಮೂಲದಲ್ಲಿ ದ್ರಾಕ್ಷಿ ಕುಯ್ಲಿನ ಮಾತು, ನಮ್ಮ ಅಡಿಕೆ ಕೊನೆಕುಯ್ಲು ಇದ್ದ ಹಾಗೆ. 'ಪುರಾತನ' ಅಂತ ಮಾತ್ರ ಹಾಕಬೇಡಿ, ಅದು ಕೆಳದಿ ದೇವಸ್ಥಾನಕ್ಕೆ ಸರಿ. ಇನ್‌ಲ್ಯಾಂಡ್ ಪತ್ರಕ್ಕೆ 'ಹಳೇ' ಸಾಕು. 'ಮರುಬಳಕೆ'ಯೂ ಬೇಡ, ಪ್ಲಾಸ್ಟಿಕ್ ತೊಟ್ಟಿಯ ಮೇಲೆ ಓದಿ ಓದಿ ಸಾಕಾಗಿದೆ.

ಶಿವಮೊಗ್ಗದಿಂದ:
ದೊಡ್ಡ ಅಕ್ಷರದಲ್ಲಿ 'ಹೊಲಿಗೆಚಿತ್ರ' ಅಂತ ಬರೆಸುತ್ತಿದ್ದೇನೆ. ಕೆಳಗೆ 'ಹಳೇ ಬಟ್ಟೆ, ಕಾಗದ, ಅಡಿಕೆ ಹಾಳೆ ಸೇರಿಸಿ ಕೈಯಲ್ಲಿ ಹೊಲಿದದ್ದು'. ಬೊಂತೆಯ ವಿಷಯ ಕಲಾವಿದೆಗೆ ಹೇಳಿದೆ. ಒಂದು ಕೃತಿಗೆ ಆ ಹೆಸರೇ ಇಡುತ್ತಾರಂತೆ.

ಸೊರಬದಿಂದ:
ಹೊಲಿಗೆ ಕನ್ನಡ, ಚಿತ್ರ ಸಂಸ್ಕೃತ. ಎರಡನ್ನೂ ಬೆಸೆದರೆ ಅರಿಸಮಾಸ, ವ್ಯಾಕರಣ ಒಪ್ಪದ ಜೋಡಣೆ.

ತೀರ್ಥಹಳ್ಳಿಯಿಂದ:
ಬಿರುದಾವಳಿಯಲ್ಲಿ ಅರಿಸಮಾಸ ಇರಬಹುದು ಅಂತ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟಿದ್ದಾನೆ. ಬೋರ್ಡನ್ನೂ ಬಿರುದು ಅಂದುಕೊಳ್ಳಿ.

ಸೊರಬದಿಂದ:
ಕೇಶಿರಾಜ ಬೋರ್ಡು ಬರೆಸಿರಲಿಲ್ಲ.