ಹಿತ್ತಲಿನ ಸೂರಕ್ಕಿ ಫೋಟೊದಲ್ಲಿ ಯಾವಾಗಲೂ ಕಪ್ಪಗೇ ಬರುತ್ತದೆ, ಏನು ಮಾಡಲಿ?

ಬಾಳೆಬುಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದೆರಡು ಬಾಳೆ, ಒಂದು ಗಸಗಸೆ ಹಣ್ಣಿನ ಮರ, ಗೋಡೆಯುದ್ದಕ್ಕೂ ದಾಸವಾಳ. ಹಕ್ಕಿಗಳಿಗೆ ಅಷ್ಟೇ ಸಾಕಾಗಿದೆ. ಬೆಳಗಾದರೆ ಸೂರಕ್ಕಿ ಬಾಳೆಮೂತಿಗೆ ಜೋತುಬೀಳುತ್ತದೆ. ಗಸಗಸೆ ಹಣ್ಣಿಗೆ ಪಿಕಳಾರಗಳ ಜಗಳ. ಮಡಿವಾಳ ಹಕ್ಕಿ ನೆಲದ ಮೇಲೆ ಕುಪ್ಪಳಿಸಿ, ಬಾಲ ನೆಟ್ಟಗೆ ಮಾಡಿ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಈ ಚೆಂದ ಫೋಟೊದಲ್ಲಿ ಬರುತ್ತಿಲ್ಲ.

ನನ್ನದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, 70-300 ಎಂಎಂ ಜೂಮ್ ಲೆನ್ಸ್. ಶಟರ್ ವೇಗ 1/250 ಸೆಕೆಂಡಿಗೆ ಇಟ್ಟು, ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒ ಆಟೊಗೆ ಬಿಟ್ಟಿದ್ದೇನೆ. ಸೂರಕ್ಕಿ ಕಪ್ಪು ಮುದ್ದೆ ಥರ ಬರುತ್ತದೆ, ಹಿಂದೆ ಬೆಳ್ಳಗಿನ ಆಕಾಶ. ಮಡಿವಾಳ ಹಕ್ಕಿಯ ಹೊಟ್ಟೆಯ ಬಿಳಿ ಪೂರ್ತಿ ಸುಟ್ಟಂತೆ ಆಗುತ್ತದೆ. ಮರದ ಕೆಳಗೆ ತೆಗೆದ ಫೋಟೊ ಎಲ್ಲಾ ಹಸಿರು ಹಸಿರು. ಇನ್ನು ನಾನು ಹಿತ್ತಲ ಬಾಗಿಲು ತೆಗೆದರೆ ಸಾಕು, ಅರ್ಧ ಹಕ್ಕಿಗಳು ಮಾಯ. ಎಸಿ ರೂಮಿನಿಂದ ಕ್ಯಾಮೆರಾ ಹೊರಗೆ ತಂದ ತಕ್ಷಣ ಲೆನ್ಸ್ ಮೇಲೆ ಮಂಜು ಬೇರೆ ಕೂರುತ್ತದೆ.

ಇನ್ನೊಂದು ವಿಷಯ. ಕಿಟಕಿ ಹತ್ತಿರದ ಬಳ್ಳಿಯಲ್ಲಿ ಸೂರಕ್ಕಿ ಗೂಡು ನೇತಾಡುತ್ತಿದೆ, ಒಳಗೆ ಮರಿಗಳಿವೆ. ಮುಂದೆ ಎಲೆ ಅಡ್ಡ ಇದೆ. ಎರಡು ಮೂರು ಎಲೆ ಕತ್ತರಿಸಿ ಹತ್ತಿರದಿಂದ ತೆಗೆಯಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ. ದೊಡ್ಡ ಲೆನ್ಸ್ ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ.

ಗಸಗಸೆ ನೆರಳು

ಎಲೆ ಕತ್ತರಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಗೂಡಿನ ಬಗ್ಗೆ ಬೇರೆಯವರೂ ಹೇಳುತ್ತಾರೆ ಅಂದುಕೊಂಡಿದ್ದೇನೆ.

ದೊಡ್ಡ ಲೆನ್ಸ್ ನಿಜಕ್ಕೂ ಬೇಡ. ಕಾಡಿನಲ್ಲಿ ಹಕ್ಕಿ ಮುಂದೆ ಎಲ್ಲಿ ಕೂರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಿತ್ತಲಲ್ಲಿ ನಿಮಗೆ ಗೊತ್ತು! ಹಾಗಿರುವಾಗ ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಯಾಕೆ ತಿರುಗಬೇಕು? ಜಾಗ ಮೊದಲು ಆರಿಸಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಹಿಂದೆ ಏನಿದೆ ನೋಡಿ. ಫೋಕಸ್ ಅಲ್ಲಿಗೆ ಮಾಡಿ ಕಾಯಿರಿ. ಹಕ್ಕಿ ತಾನಾಗಿ ಬರುತ್ತದೆ. ನಾನು ಈಗ ಬೇರೆ ಯಾವ ರೀತಿಯಲ್ಲೂ ಹಿತ್ತಲಿನ ಹಕ್ಕಿ ತೆಗೆಯುವುದಿಲ್ಲ.

ಸೂರಕ್ಕಿ ಯಾಕೆ ಕಪ್ಪಾಗುತ್ತದೆ ಅಂದರೆ, ಗಂಡಿನ ಆ ಮಿಂಚು ಬರೀ ಬಣ್ಣದಿಂದ ಬರುವುದಲ್ಲ. ಗರಿಯ ತೀರಾ ಸಣ್ಣ ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವಿನ ಕಣಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಆ ಪದರಗಳಿಗೆ ಬಡಿದು ವಾಪಸ್ ಬಂದಾಗಲೇ ನೇರಳೆ, ನೀಲಿ, ಹಸಿರು ಕಾಣುವುದು. ಆ ಬೆಳಕು ನಿಮ್ಮ ಕಡೆ ಬರದಿದ್ದರೆ ಕಾಣುವುದು ಕಪ್ಪು ಮಾತ್ರ. ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟು ಎಳೆದಾಡಿದರೂ ಆ ಮಿಂಚು ಬರುವುದಿಲ್ಲ. ಅದಕ್ಕೇ ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು. ಉಷ್ಣವಲಯದಲ್ಲಿ ಸೂರ್ಯ ನೆಟ್ಟಗೆ, ಬೇಗ ಮೇಲೇರುತ್ತಾನೆ. ಬೆಳಗಿನ ಓರೆ ಬೆಳಕು ಸಿಗುವುದು ಸ್ವಲ್ಪ ಹೊತ್ತು ಅಷ್ಟೇ. ಹತ್ತು ಗಂಟೆಯ ಮೇಲೆ ನೆತ್ತಿಯ ಬಿಸಿಲಲ್ಲಿ ಬೆನ್ನು ಹೊಳೆಯುತ್ತದೆ, ಎದೆ ಕತ್ತಲು. ತೆಳು ಮೋಡ ಇದ್ದರೆ ಆಗಲೂ ತೆಗೆಯಬಹುದು.

ಬಾಳೆಮೂತಿ ಇರುವುದು ನಿಮಗೆ ದೊಡ್ಡ ಅನುಕೂಲ. ಹೆಚ್ಚುಕಡಿಮೆ ದಿನಕ್ಕೊಂದು ಕೆಂಪು ಎಸಳು ಮೇಲಕ್ಕೆ ಸುರುಟಿಕೊಳ್ಳುತ್ತದೆ. ಅದರಡಿ ಹೊಸ ಹೂಸಾಲು, ತಾಜಾ ಮಕರಂದ. ಸೂರಕ್ಕಿ ಬಾಡಿದ ಸಾಲನ್ನು ಬಿಟ್ಟು ಸೀದಾ ಅಲ್ಲಿಗೇ ಬರುತ್ತದೆ. ಮೂತಿಯನ್ನು ಉಗುರಲ್ಲಿ ಹಿಡಿದು, ತಲೆಕೆಳಗಾಗಿ ಜೋತು, ಬಾಗಿದ ಕೊಕ್ಕನ್ನು ಹೂವಿನೊಳಗೆ ತೂರಿಸುತ್ತದೆ. ಆಗ ಒತ್ತಬೇಡಿ, ಮುಖವೇ ಕಾಣುವುದಿಲ್ಲ. ಕುಡಿದು ತಲೆ ಹೊರಗೆ ತೆಗೆಯುತ್ತದಲ್ಲ, ಕೊಕ್ಕಿನ ತುದಿಯಲ್ಲಿ ಅಂಟಾದ ರಸ ಇರುತ್ತದೆ, ಕತ್ತು ಆ ಕಡೆ ಈ ಕಡೆ ಹೊರಳಿಸುತ್ತದೆ. ಒಂದು ಹೊರಳಿಗೆ ಕುತ್ತಿಗೆ ಫಳ್ ಅಂತ ಹೊಳೆಯುತ್ತದೆ. ಅಲ್ಲಿ ಒತ್ತಿ, ಒಂದರ ಹಿಂದೊಂದು ಫೋಟೊ ತೆಗೆಯುವ ಬರ್ಸ್ಟ್‌ನಲ್ಲಿ.

ಇದಕ್ಕೆ 1/250 ಸಾಲದು. ಲೆನ್ಸ್‌ನ ಸ್ಟೆಬಿಲೈಸರ್ ನಿಮ್ಮ ಕೈಯ ನಡುಕ ತಡೆಯುತ್ತದೆ, ಹಕ್ಕಿಯ ಚಡಪಡಿಕೆ ತಡೆಯುವುದಿಲ್ಲ. 1/1600ಕ್ಕೆ ಏರಿಸಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದಿಡಿ. ಐಎಸ್‌ಒ 3200ರವರೆಗೆ ಹೋದರೂ ಹೋಗಲಿ. ಕಾಳುಕಾಳಾದ ಫೋಟೊವನ್ನು ಆಮೇಲೆ ಸರಿ ಮಾಡಬಹುದು, ಅಲುಗಿದ ಫೋಟೊ ಅಲುಗಿದ್ದೇ.

ಹಿಂದೆ ಆಕಾಶ ಬರುವುದು ನೀವು ಕೆಳಗೆ ನಿಂತು ಮೇಲೆ ನೋಡುವುದರಿಂದ. ಒಂದು ಸ್ಟೂಲ್ ಹಾಕಿಕೊಂಡು ಮೂತಿಯ ಮಟ್ಟಕ್ಕೆ ಬನ್ನಿ. ಹಿಂದೆ ಗೋಡೆಯೋ ದೂರದ ಮರವೋ ಬರುತ್ತದೆ. ಹಿನ್ನೆಲೆ ಎಷ್ಟು ದೂರವೋ ಅಷ್ಟು ಮೆತ್ತಗೆ ಕರಗುತ್ತದೆ. ಆಕಾಶ ತಪ್ಪಿಸಲು ಆಗದೇ ಇದ್ದಾಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊ ಎಷ್ಟು ಬೆಳಗಬೇಕು ಅಂತ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1ರಿಂದ +1.5 ಕೊಡಿ. ಮಡಿವಾಳ ಹಕ್ಕಿಗೆ ಇದು ಉಲ್ಟಾ. ಅದಕ್ಕೆ ಬಿಳಿಯನ್ನು ಉಳಿಸಿಕೊಳ್ಳಬೇಕು. −0.7 ಇಟ್ಟು ರಾ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ) ಫೈಲ್‌ನಲ್ಲಿ ತೆಗೆಯಿರಿ, ಕಪ್ಪನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳಿ ಮಾತ್ರ ವಾಪಸ್ ಬರುವುದಿಲ್ಲ. ಈ ಹಕ್ಕಿಗೆ ನೆಲದಲ್ಲೇ ಕೂತು ತೆಗೆಯಬೇಕು, ಅದರ ಕಣ್ಣಿನ ಮಟ್ಟಕ್ಕೆ.

ಹಸಿರು ಬರುವುದು ಎಲೆಗಳಿಂದ ಸೋಸಿ ಬರುವ ಬೆಳಕಿನಿಂದ. ರಾ ಫೈಲ್‌ನಲ್ಲಿ ಟಿಂಟ್ ಅನ್ನು ಮೆಜೆಂಟಾ (ನೇರಳೆಗೆಂಪು) ಕಡೆ ಸ್ವಲ್ಪ ಎಳೆಯಿರಿ. ಮಡಿವಾಳದ ಬಿಳಿ ರೆಕ್ಕೆಪಟ್ಟಿಯನ್ನೇ ಅಳತೆಗೆ ಇಟ್ಟುಕೊಳ್ಳಿ.

ಕೆಮ್ಮೀಸೆ

ಗೂಡಿನ ವಿಷಯಕ್ಕೆ ಬರುತ್ತೇನೆ. ಸೂರಕ್ಕಿ ಗೂಡು ನೋಡಿದ್ದೀರಲ್ಲ, ಜೇಡರ ಬಲೆ, ಒಣ ಎಲೆ, ತೊಗಟೆ ಚೂರು ಎಲ್ಲಾ ಸೇರಿಸಿ ಕಸ ನೇತಾಡುತ್ತಿದೆ ಅನ್ನುವಂತೆ ಕಟ್ಟಿರುತ್ತದೆ. ಯಾರೂ ಗಮನಿಸಬಾರದು ಅಂತಲೇ ಹಾಗೆ. ನಿಮಗೆ ಅಡ್ಡವಾಗಿರುವ ಆ ಎರಡು ಎಲೆ ಮರಿಗಳಿಗೆ ನೆರಳು. ಕಾಗೆಯ ಕಣ್ಣಿಂದ ಮರೆಯೂ ಅದೇ. ಕೆಂಬೂತ ಒಂದು ಸಲ ಗೂಡು ಕಂಡರೆ ಮೊಟ್ಟೆಯನ್ನೂ ಬಿಡುವುದಿಲ್ಲ, ಮರಿಯನ್ನೂ ಬಿಡುವುದಿಲ್ಲ. ನೀವು ದಿನಾ ಅಲ್ಲಿ ಹೋಗಿ ನಿಂತರೆ ಕಾಗೆ ನಿಮ್ಮನ್ನೇ ನೋಡಿ ಜಾಗ ಕಂಡುಕೊಳ್ಳುತ್ತದೆ.

ಮರಿ ದೊಡ್ಡದಾದ ಮೇಲೆ ಇನ್ನೂ ಕಷ್ಟ. ಹತ್ತಿರ ಹೋದರೆ ಹೆದರಿ, ಸರಿಯಾಗಿ ಹಾರಲು ಬರುವ ಮೊದಲೇ ಹೊರಗೆ ಧುಮುಕುತ್ತವೆ. ಮತ್ತೆ ಗೂಡಿಗೆ ಸೇರಿಸಿದರೂ ನಿಲ್ಲುವುದಿಲ್ಲ.

ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲೇ ಕೂತು ಕೂಗುತ್ತಿದ್ದರೆ, ನೀವು ತೀರಾ ಹತ್ತಿರ ಇದ್ದೀರಿ ಅಂತ ಅರ್ಥ. ತಕ್ಷಣ ಹಿಂದೆ ಸರಿಯಿರಿ. ನನ್ನ ಕೇಳಿದರೆ ಮರಿಗಳು ಹಾರುವವರೆಗೆ ಆ ಕಿಟಕಿಯ ಪರದೆಯನ್ನೂ ಎಳೆದಾಡಬೇಡಿ. ಹಾರಿದ ಮೇಲೂ ಕೆಲವು ದಿನ ಅಪ್ಪ ಅಮ್ಮ ಅವಕ್ಕೆ ಹಿತ್ತಲಲ್ಲೇ ಉಣಿಸುತ್ತಿರುತ್ತವೆ. ಕೊಂಬೆಯ ಮೇಲೆ ಕೂತು ರೆಕ್ಕೆ ನಡುಗಿಸುತ್ತಾ ಬಾಯಿ ತೆರೆಯುವ ಮರಿಯ ಫೋಟೊ ಗೂಡಿನ ಫೋಟೊಗಿಂತ ಎಷ್ಟೋ ಚೆಂದ. ಅದನ್ನು ದೂರದಿಂದ 300ರಲ್ಲೇ ತೆಗೆಯಬಹುದು.

ಹಾಗೇ, ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಅಭ್ಯಾಸ ಬೇಡ. ಬೇರೆ ಗಂಡು ಬಂತು ಅಂತ ಅದು ಸುಮ್ನೆ ಅಲೆದಾಡುತ್ತದೆ. ಮರಿಗೆ ಆಹಾರ ತರುವ ಹೊತ್ತು ಅದರಲ್ಲಿ ಹಾಳಾಗುತ್ತದೆ.

ತೇವದ ಲೆನ್ಸ್

ಮಂಜಿನ ಬಗ್ಗೆ. ಎಸಿಯಲ್ಲಿ ತಣ್ಣಗಾದ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿದರೆ ನೀರು ಕೂರಲೇಬೇಕು. ಒರೆಸುತ್ತಾ ಕೂತರೆ ಮತ್ತೆ ಕೂರುತ್ತದೆ. ಹೊರಗೆ ತರುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರ್‌ಗೆ ಹಾಕಿ ಗಾಳಿ ಹಿಂಡಿ ಮುಚ್ಚಿ. ಕವರ್ ಸಮೇತ ಅರ್ಧ ಗಂಟೆ ಹೊರಗಿಡಿ. ನೀರು ಕವರ್ ಮೇಲೆ ಕೂರುತ್ತದೆ, ಲೆನ್ಸ್ ಮೇಲಲ್ಲ. ಅಲ್ಲಿಯವರೆಗೆ ಲೆನ್ಸ್ ಬಿಚ್ಚಬೇಡಿ, ಒಳಗೂ ತೇವ ಹೋಗುತ್ತದೆ. ಇನ್ನೂ ಸುಲಭ ಅಂದರೆ ರಾತ್ರಿಯೇ ಎಸಿ ಇಲ್ಲದ ರೂಮಿನಲ್ಲಿ ಇಟ್ಟುಬಿಡುವುದು.

ಮಳೆಗಾಲದಲ್ಲಿ ಲೆನ್ಸ್ ಬ್ಯಾಗಿನೊಳಗೇ ಉಳಿದರೆ ಫಂಗಸ್ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಂದು ಚಿಕ್ಕ ಹೈಗ್ರೋಮೀಟರ್ ಇಟ್ಟುಕೊಳ್ಳಿ. ತೇವಾಂಶ ಶೇ. 40ರಿಂದ 50ರ ಒಳಗೆ ಇದ್ದರೆ ಸಾಕು.

ಬೆಳಕು ಕಡಿಮೆ ಇರುವ ಹಿತ್ತಲಾದರೆ ಫ್ಲ್ಯಾಶ್ ಕೂಡ ಯೋಚಿಸಿ. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಉರಿಯುವುದು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಫ್ಲ್ಯಾಶ್ ಫೋಟೊಗಳಿಗೆ ಹೆಸರಾದ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲೇ ಹಮ್ಮಿಂಗ್‌ಬರ್ಡ್‌ನ ರೆಕ್ಕೆಯನ್ನು ಹೀಗೆ ಫ್ಲ್ಯಾಶ್‌ನಿಂದ ಹಿಡಿದು ತೋರಿಸಿದ್ದರು. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಲ್ಲುವ ಸೂರಕ್ಕಿಗೂ ಅದು ನಡೆಯುತ್ತದೆ.

ಬಾಳೆಬುಡ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಎಲೆ ಮುಟ್ಟುವುದಿಲ್ಲ, ಆ ಕಿಟಕಿಯ ಕಡೆಗೂ ಹೋಗುವುದಿಲ್ಲ. ಸ್ಟೂಲ್ ಹಾಕಿ ತೆಗೆದೆ, ಹಿಂದೆ ಗೋಡೆ ಬಂದು ಸೂರಕ್ಕಿಯ ಕುತ್ತಿಗೆಯ ನೇರಳೆ ಮೊದಲ ಸಲ ಕಾಣಿಸಿತು! ಆದರೆ ಉಳಿದ ಹಕ್ಕಿಗಳು ನನ್ನನ್ನು ಕಂಡರೆ ಈಗಲೂ ಹಾರುತ್ತವೆ. ಬಟ್ಟೆಯ ಮರೆ ಕಟ್ಟಬೇಕಾ? ಅಡುಗೆಮನೆ ಕಿಟಕಿಯ ಗಾಜಿನ ಮೂಲಕ ತೆಗೆದರೆ ನಡೆಯುತ್ತದಾ? ಗಸಗಸೆ ನೆರಳು ಅವರೇ, ಫ್ಲ್ಯಾಶ್ ಬಗ್ಗೆ ನಿಮ್ಮ ಅಭಿಪ್ರಾಯವನ್ನೂ ಹೇಳಿ.

ಗಸಗಸೆ ನೆರಳು

ನೇರಳೆ ಕಂಡಿತಲ್ಲ, ಓದಿ ತುಂಬಾ ಖುಷಿಯಾಯಿತು.

ಬೇರೆ ಮರೆ ಕಟ್ಟಬೇಡಿ, ಅಡುಗೆಮನೆಯೇ ಮರೆ. ಹಕ್ಕಿಗಳಿಗೆ ಆ ಕಿಟಕಿ ಅಭ್ಯಾಸ ಆಗಿರುತ್ತದೆ. ಗಾಜಿನ ಎರಡೂ ಕಡೆ ಒರೆಸಿ, ಒಳಗಿನ ಲೈಟ್ ಆರಿಸಿ, ಲೆನ್ಸ್ ಹುಡ್ (ಲೆನ್ಸ್ ಮುಂದಿನ ಕೊಳವೆ) ಅನ್ನು ಗಾಜಿಗೆ ತಾಗಿಸಿ ನೇರವಾಗಿ ತೆಗೆಯಿರಿ. ಓರೆಯಾಗಿ ಹಿಡಿದರೆ ಫೋಟೊ ಮಸುಕಾಗುತ್ತದೆ. ಕಿಟಕಿ ತೆರೆಯಲು ಆಗುವುದಾದರೆ ಇನ್ನೂ ಒಳ್ಳೆಯದು. ಕಡುಬಣ್ಣದ ಪರದೆ ಬಿಟ್ಟು ಲೆನ್ಸ್ ಮಾತ್ರ ಹೊರಗೆ ಕಾಣಲಿ.

ಆ ಕಿಟಕಿಗೆ ಕಾಣುವ ಕಡೆ ಒಂದು ಅಗಲ ಮಣ್ಣಿನ ತಟ್ಟೆ ಇಡಿ. ನೀರು ಎರಡು ಮೂರು ಸೆಂಟಿಮೀಟರ್ ಸಾಕು. ಆಳ ಜಾಸ್ತಿಯಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ಮೇಲೊಂದು ಬಾಟಲಿ ಕಟ್ಟಿ, ಅದರಿಂದ ತೊಟ್ಟಿಕ್ಕುವಂತೆ ಮಾಡಿ. ನಿಂತ ನೀರಿಗಿಂತ ಅಲುಗುವ ನೀರು ಅವುಗಳ ಕಣ್ಣಿಗೆ ಬೇಗ ಬೀಳುತ್ತದೆ. ನೀರು ದಿನಾ ಬದಲಿಸಿ, ಸೊಳ್ಳೆ ಆಗಬಾರದು. ಬೆಕ್ಕು ಅಡಗುವ ಪೊದೆ ತೀರಾ ಪಕ್ಕದಲ್ಲಿ ಬೇಡ.

ತಟ್ಟೆಯ ಪಕ್ಕ ಒಂದು ಒಣ ಕೊಂಬೆ ನೆಡಿ. ಪಿಕಳಾರ ಆಗಲಿ ಮಡಿವಾಳ ಆಗಲಿ ನೀರಿಗೆ ಸೀದಾ ಇಳಿಯುವುದು ಕಡಿಮೆ. ಮೊದಲು ಹತ್ತಿರ ಎಲ್ಲಾದರೂ ಕೂತು ಸುತ್ತ ನೋಡುತ್ತದೆ. ಆ ಕೊಂಬೆಯನ್ನು ಬೆಳಗಿನ ಬೆಳಕು ಬೀಳುವ ಕಡೆ, ಹಿಂದೆ ದೂರದವರೆಗೆ ಖಾಲಿ ಇರುವಂತೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಮಿಂದ ಮೇಲೂ ಅಲ್ಲೇ ಬಂದು ಗರಿ ಕೊಡವಿ ತೀಡಿಕೊಳ್ಳುತ್ತವೆ. ಹನಿಗಳು ಚಿಮ್ಮುವುದು ಚೂಪಾಗಿ ಬರಬೇಕೆಂದರೆ 1/2000 ಇಡಿ.

ಫ್ಲ್ಯಾಶ್ ಹಗಲಲ್ಲಿ ಕಡಿಮೆ ಪವರ್‌ನಲ್ಲಿ ಆಗಬಹುದು, ಕಣ್ಣಿಗೊಂದು ಹೊಳಪು ಬರುತ್ತದೆ. ಗೂಡಿನ ಹತ್ತಿರ ಬೇಡ, ರಾತ್ರಿ ಗೂಬೆಗೂ ಬೇಡ. ನಾನು ಹಿತ್ತಲಲ್ಲಿ ಬಳಸುವುದೇ ಇಲ್ಲ, ಬೆಳಗಿನ ಬೆಳಕು ಚೆನ್ನಾಗಿರುವಾಗ ಬೇಕು ಅನಿಸುವುದಿಲ್ಲ.

ಇನ್ನೊಂದು. ಹಳದಿ ಹೊಟ್ಟೆಯ ಮೇಲೆ ಗಂಟಲಿನಿಂದ ಕೆಳಗೆ ಒಂದು ಕಪ್ಪು ಗೆರೆ ಇಳಿದಿರುವ ಸೂರಕ್ಕಿ ಕಂಡರೆ ಹೆಣ್ಣು ಅಂತ ಬಿಡಬೇಡಿ. ಅದು ನೇರಳೆ ಸೂರಕ್ಕಿಯ ಗಂಡೇ, ಮರಿ ಮಾಡುವ ಕಾಲ ಮುಗಿದ ಮೇಲೆ ಹಾಕುವ ಗರಿ. ಅದರ ಫೋಟೊ ಸಿಕ್ಕರೆ ಇಲ್ಲಿ ಹಾಕಿ, ಗೆರೆ ಅಲ್ಲಲ್ಲಿ ತುಂಡಾಗಿದ್ದರೂ ಪರವಾಗಿಲ್ಲ, ಒಟ್ಟಿಗೆ ನೋಡೋಣ.