ಅಪ್‌ಡೇಟ್: ಡಿಲೀಟ್ ನಿಧಾನ ಆಗುತ್ತಿದ್ದುದರ ಕಾರಣ ಸಿಕ್ಕಿತು

ಮಂಡ್ಯ ಹತ್ತಿರದ ಒಂದು ಹಾಲಿನ ಸೊಸೈಟಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಹೋದ ವಾರ ಕೇಳಿದ್ದೆ, ನೆನಪಿದೆ ಅಲ್ವಾ? ಎರಡೆರಡು ಸಲ ಸೇರಿಹೋಗಿದ್ದ 400 ಸದಸ್ಯರನ್ನು ಅಳಿಸಲು ಪೋಸ್ಟ್‌ಗ್ರೆಸ್ (ಲೆಕ್ಕವೆಲ್ಲ ಇರುವ ಡೇಟಾಬೇಸ್) 40 ನಿಮಿಷ ತಗೊಳ್ಳುತ್ತಿತ್ತು. ಆ ಸದಸ್ಯ ನಂಬರುಗಳ ಮೇಲೆ ಒಂದು ಲೀಟರ್ ಹಾಲೂ ಬರೆದಿರಲಿಲ್ಲ.

ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಿಕೊಡುವ ಪಟ್ಟಿ) ಇಲ್ಲದ್ದೇ ಕಾರಣ ಅಂತ ನೀವು ಹೇಳಿದ್ದೇ ನಿಜ. ಪ್ರೈಮರಿ ಕೀಗೆ (ಸದಸ್ಯರ ಟೇಬಲ್ಲಿನಲ್ಲಿ ಒಬ್ಬೊಬ್ಬರನ್ನೂ ಗುರುತಿಸುವ ನಂಬರು) ಪೋಸ್ಟ್‌ಗ್ರೆಸ್ ತಾನೇ ಯೂನಿಕ್ ಬಿ-ಟ್ರೀ ಇಂಡೆಕ್ಸ್ (ಒಂದೇ ನಂಬರು ಎರಡು ಸಲ ಬರಲು ಬಿಡದ ಬಗೆ) ಕಟ್ಟುತ್ತದೆ, ಫಾರಿನ್ ಕೀ ಕಾಲಮ್ಮಿಗೆ (ಹಾಲಿನ ಟೇಬಲ್ಲಿನಲ್ಲಿ ಅದು ಯಾವ ಸದಸ್ಯರದು ಅಂತ ತೋರಿಸುವ ನಂಬರು) ಕಟ್ಟುವುದಿಲ್ಲ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸಿನ ಇನ್ನೋಡಿಬಿ ಎಂಜಿನ್ ಅದನ್ನೂ ಕಟ್ಟಿಕೊಡುತ್ತದೆ. ನಾನು ಅಲ್ಲಿಂದ ಬಂದವನು, ಇಲ್ಲೂ ಇರುತ್ತದೆ ಅಂದುಕೊಂಡಿದ್ದೆ.

ಹಾಲು ಬರೆಯುವಾಗ ತೊಂದರೆಯೇ ಇರಲಿಲ್ಲ. 'ಈ ಸದಸ್ಯ ಇದ್ದಾರಾ' ಅಂತ ಪ್ರೈಮರಿ ಕೀಯಲ್ಲಿ ನೋಡಿದರೆ ಸಾಕು. ಅಳಿಸುವಾಗ ಪ್ರಶ್ನೆ ತಿರುಗಿಬಿಡುತ್ತದೆ: 'ಇವರ ಹೆಸರಲ್ಲಿ ಹಾಲು ಇದೆಯಾ?' ಇಲ್ಲ ಅನ್ನುವುದಕ್ಕೂ ಹಾಲಿನ ಟೇಬಲ್ ಪೂರ್ತಿ ಓದಬೇಕು. ಒಬ್ಬೊಬ್ಬರಿಗೂ ಒಂದು ಸಲ! ಎಕ್ಸ್‌ಪ್ಲೇನ್ ಅನಲೈಸ್ (ಯಾವ ಕೆಲಸಕ್ಕೆ ಎಷ್ಟು ಸಮಯ ಹೋಯಿತು ಅಂತ ತೋರಿಸುವ ಆದೇಶ) ಕೊಟ್ಟಾಗ ಡಿಲೀಟ್ ಸಾಲಿನಲ್ಲಿ ಸಮಯ ಕಮ್ಮಿಯೇ ಇತ್ತು. ಕೊನೆಯಲ್ಲಿ 'ಟ್ರಿಗರ್ ಫಾರ್ ಕನ್‌ಸ್ಟ್ರೈಂಟ್' ಅನ್ನುವ, ಅಂದರೆ ಈ ಹುಡುಕಾಟದ ಸಮಯ ತೋರಿಸುವ ಸಾಲಿನಲ್ಲಿ ಆ 40 ನಿಮಿಷ ಕೂತಿತ್ತು. ನಾನು ಅಲ್ಲಿವರೆಗೂ ಓದಿಯೇ ಇರಲಿಲ್ಲ.

ಬೆಳಗಿನ ಹಾಲು ಮುಗಿದ ಮೇಲೆ ಹಾಲಿನ ಟೇಬಲ್ಲಿನ ಸದಸ್ಯ ನಂಬರಿಗೆ ಇಂಡೆಕ್ಸ್ ಹಾಕಿದೆ. ಆದೇಶಕ್ಕೆ 'ಕನ್‌ಕರೆಂಟ್ಲಿ' ಅನ್ನುವ ಪದ ಸೇರಿಸಿದ್ದರಿಂದ ಬರೆಯುವುದು ನಿಲ್ಲಲಿಲ್ಲ. ಈಗ 400 ಹೆಸರೂ ಒಂದು ಸೆಕೆಂಡಿನೊಳಗೆ ಹೋಗುತ್ತವೆ. ಸೆಕ್ರೆಟರಿ ಅಣ್ಣ ಎರಡು ಸಲ ಎಣಿಸಿ ನೋಡಿದರು.

ಪಶು ಆಹಾರದ ಸಾಲದ ಟೇಬಲ್ಲಿಗೂ ಇಂಡೆಕ್ಸ್ ಇಲ್ಲ. ಅದನ್ನು ನಾಳೆ ಹಾಕುತ್ತೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.